ಕಕ್ಕಸು ಎಣಿಸಿದವರ ಕತೆ

2011ರ ಜನಗಣತಿಯ ಅಂಕಿಅಂಶ ಹೊರಬಿದ್ದಾಗ ಒಂದು ವಿಚಿತ್ರ ಪ್ರಶ್ನೆ ಎದ್ದಿತ್ತು. ಕಕ್ಕಸುಗಳೆಲ್ಲ ಎಲ್ಲಿ ಹೋದವು? ಕದ್ದು ಹೊತ್ತೊಯ್ಯುವ ವಸ್ತುವಂತೂ ಅಲ್ಲ. ಆದರೆ 1999ರಲ್ಲಿ ಶುರುವಾದ ಸಂಪೂರ್ಣ ಸ್ವಚ್ಛತಾ ಆಂದೋಲನದ ಕಡತಗಳಲ್ಲಿ ಕಟ್ಟಿ ಮುಗಿದಿದ್ದ ಶೌಚಾಲಯಗಳಿಗೂ, ಮನೆಮನೆಗೆ ಹೋದ ಗಣತಿ ಮೇಷ್ಟರಿಗೆ ಕಂಡ ಶೌಚಾಲಯಗಳಿಗೂ ತಾಳೆಯೇ ಆಗಲಿಲ್ಲ. ಗಣತಿಯ ಪ್ರಕಾರ ಗ್ರಾಮೀಣ ಭಾರತದ ಶೇ. 30.7 ಮನೆಗಳಲ್ಲಿ ಮಾತ್ರ ಕಕ್ಕಸು ಇತ್ತು. ಇಲಾಖೆಯ ಲೆಕ್ಕ ಹೆಚ್ಚುಕಡಿಮೆ ಅದರ ಎರಡರಷ್ಟು. ನಮ್ಮ ಕರ್ನಾಟಕದಲ್ಲಿ ಹಳ್ಳಿ, ಪೇಟೆ ಎಲ್ಲ ಸೇರಿಸಿದರೂ ಶೇ. 51.2.

"ಸರ್ಕಾರಿ ಲೆಕ್ಕ ತಾನೇ, ಇರೋದೇ ಹಾಗೆ" ಅಂತ ನಕ್ಕು ಸುಮ್ಮನಾಗಬಹುದು. ಆದರೆ ಈ ಗೊಂದಲ ನಮ್ಮ ತಾಲ್ಲೂಕು ಆಫೀಸಿನಲ್ಲಿ ಹುಟ್ಟಿದ್ದಲ್ಲ. ದೊಡ್ಡ ದೊಡ್ಡ ಸಂಸ್ಥೆಗಳು ಹತ್ತಾರು ದೇಶಗಳಿಗೆ ದುಡ್ಡು ಕೊಟ್ಟು "ಕಕ್ಕಸು ಕಟ್ಟಿಸಿ" ಅನ್ನಲು ಶುರು ಮಾಡಿ ನೂರು ವರ್ಷದ ಮೇಲಾಯಿತು. ಅವತ್ತಿನಿಂದ ಒಂದು ಪ್ರಶ್ನೆ ಹಾಗೇ ಉಳಿದಿದೆ: ಎಣಿಸಬೇಕಾದ್ದು ಏನನ್ನು? ಕಟ್ಟಿದ ಗುಂಡಿಗಳನ್ನೋ, ಬಳಸುವ ಜನರನ್ನೋ, ಕಾಯಿಲೆ ಬೀಳದ ಮಕ್ಕಳನ್ನೋ?

(ಊಟ ಮಾಡ್ತಾ ಓದುತ್ತಿದ್ದರೆ ಕೈ ತೊಳೆದು ಆಮೇಲೆ ಬನ್ನಿ :-))

*

ಕತೆ ಶುರುವಾಗುವುದು ಕೊಕ್ಕೆಹುಳುವಿನಿಂದ. ಬರಿಗಾಲಲ್ಲಿ ಗಲೀಜು ಮಣ್ಣು ತುಳಿದರೆ ಪಾದದ ಚರ್ಮ ಕೊರೆದು ಒಳಗೆ ಹೋಗಿ, ಕೊನೆಗೆ ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುವ ಹುಳು ಇದು. ಮನುಷ್ಯ ಬಿಳಿಚಿಕೊಂಡು, ಸುಸ್ತಾಗಿ, ಕೆಲಸ ಮಾಡಲಾರದೆ ಕೂರುತ್ತಾನೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದು ಎಷ್ಟು ಹರಡಿತ್ತೆಂದರೆ ಅಲ್ಲಿನ ಪೇಪರಿನವರು ಇದಕ್ಕೆ "ಸೋಮಾರಿತನದ ಕ್ರಿಮಿ" ಅಂತ ಹೆಸರಿಟ್ಟು ತಮಾಷೆ ಮಾಡಿದ್ದರು. ಚಾರ್ಲ್ಸ್ ಸ್ಟೈಲ್ಸ್ ಎಂಬ ಪ್ರಾಣಿಶಾಸ್ತ್ರಜ್ಞ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ತಿರುಗಿ, ಕೊನೆಗೆ 1909ರಲ್ಲಿ ಎಣ್ಣೆ ಸಾಹುಕಾರ ಜಾನ್ ಡಿ. ರಾಕ್‌ಫೆಲರ್ 10 ಲಕ್ಷ ಡಾಲರ್ ಕೊಟ್ಟ. ಹನ್ನೊಂದು ರಾಜ್ಯಗಳು, ಐದು ವರ್ಷ. ಸಂಸ್ಥೆಯ ಹೆಸರಿನಲ್ಲೇ "ನಿರ್ಮೂಲನೆ" ಅಂತ ಇತ್ತು!

ಅದನ್ನು ನಡೆಸಿದ ವಿಕ್ಲಿಫ್ ರೋಸ್ ಡಾಕ್ಟರ್ ಅಲ್ಲ, ತತ್ವಶಾಸ್ತ್ರದ ಮೇಷ್ಟ್ರು. ಆದರೆ ಈಗಿನ ಪ್ರಾಜೆಕ್ಟ್ ಮ್ಯಾನೇಜರುಗಳು ನಾಚಬೇಕು, ಅಷ್ಟು ಅಚ್ಚುಕಟ್ಟು. ಮೊದಲು ಸರ್ವೆ, ಆಮೇಲೆ ಔಷಧಿ, ಆಮೇಲೆ ಕಕ್ಕಸು. ಶಾಲೆ ಮಕ್ಕಳ ಮಲ ಪರೀಕ್ಷೆ ಮಾಡಿದರೆ ನೂರಕ್ಕೆ ಸುಮಾರು 40 ಮಕ್ಕಳಲ್ಲಿ ಹುಳು. ಹಳ್ಳಿ ಸಂತೆಗಳ ಹತ್ತಿರ ದವಾಖಾನೆ ಹಾಕಿ, ಮೈಕ್ರೋಸ್ಕೋಪಿನಲ್ಲಿ ಜನರಿಗೇ ಹುಳುವಿನ ಮೊಟ್ಟೆ ತೋರಿಸಿ, ಥೈಮಾಲ್ ಕೊಡುತ್ತಿದ್ದರು. (ನಮ್ಮ ಓಮದ ಕಾಳಿಗೆ ಆ ವಾಸನೆ ಬರುವುದು ಇದೇ ಥೈಮಾಲ್‌ನಿಂದ.) ಹೀಗೆ ಔಷಧಿ ಕುಡಿದವರು ಸುಮಾರು 7 ಲಕ್ಷ.

ನನಗೆ ಬಹಳ ಇಷ್ಟವಾದದ್ದು ಸ್ಟೈಲ್ಸ್ ಮಾಡಿದ ಇನ್ನೊಂದು ಕೆಲಸ. ಆತ ಕಕ್ಕಸುಗಳಿಗೆ ಮಾರ್ಕ್ಸ್ ಕೊಡಲು ಶುರು ಮಾಡಿದ. ನೀರು ಹಾಕುವ ಒಳ್ಳೆಯ ಕಕ್ಕಸಿಗೆ 100, ಅದಕ್ಕಿಂತ ಕಡಿಮೆಯದಕ್ಕೆ ಹಂತಹಂತವಾಗಿ ಇಳಿಸುತ್ತಾ, ಏನೂ ಇಲ್ಲದ ಮನೆಗೆ ಸೊನ್ನೆ. ಊರಿನ ಎಲ್ಲ ಮನೆಗಳ ಸರಾಸರಿ ತೆಗೆದರೆ ಅದು ಆ ಊರಿನ ನೈರ್ಮಲ್ಯದ ಸೂಚ್ಯಂಕ. ಸುಮಾರು ಎರಡೂವರೆ ಲಕ್ಷ ಹಳ್ಳಿ ಮನೆಗಳನ್ನು ಹೀಗೆ ನೋಡಿದರು. ಅರ್ಧದಷ್ಟು ಮನೆಗಳಿಗೆ ಸಿಕ್ಕಿದ್ದು ಸೊನ್ನೆ. "ಅಮೆರಿಕದಲ್ಲಿ ಹೀಗೆಲ್ಲ ಇರಲೇ ಇಲ್ಲ" ಅಂತ ವಾದ ಮಾಡುವ ಗೆಳೆಯರಿಗೆ ಇದನ್ನು ಧಾರಾಳವಾಗಿ ಫಾರ್ವರ್ಡ್ ಮಾಡಬಹುದು.

1914ರಲ್ಲಿ ಅಂಗಡಿ ಮುಚ್ಚಿದಾಗ ಹುಳು ನಿರ್ಮೂಲವಾಗಿರಲಿಲ್ಲ, ಕಡಿಮೆಯಾಗಿತ್ತು. ಹಾಗಾದರೆ ಇದರಿಂದ ಆದ ಲಾಭ ಎಷ್ಟು? ಇದಕ್ಕೆ ಗಟ್ಟಿ ಉತ್ತರ ಬಂದಿದ್ದು 2007ರಲ್ಲಿ! ಹೋಯ್ಟ್ ಬ್ಲೀಕ್ಲಿ ಎಂಬ ಅರ್ಥಶಾಸ್ತ್ರಜ್ಞ ಹಳೆಯ ಜನಗಣತಿಯ ಕಡತ ಕೆದಕಿ, ಮೊದಲು ಹುಳು ಜಾಸ್ತಿ ಇದ್ದ ಪ್ರದೇಶಗಳಲ್ಲಿ ಈ ಕಾರ್ಯಕ್ರಮದ ನಂತರ ಮಕ್ಕಳು ಶಾಲೆಗೆ ಹೋಗುವುದು, ಓದು ಬರಹ ಕಲಿಯುವುದು ಬೇರೆ ಕಡೆಗಿಂತ ಹೆಚ್ಚಾಯಿತು ಅಂತ ತೋರಿಸಿದ. ರಾಕ್‌ಫೆಲರ್, ರೋಸ್, ಸ್ಟೈಲ್ಸ್ ಎಲ್ಲ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಈಗಿನ ಫಂಡಿಂಗ್ ಏಜೆನ್ಸಿಗಳು ಮೂರು ವರ್ಷಕ್ಕೆ ಇಂಪ್ಯಾಕ್ಟ್ ರಿಪೋರ್ಟ್ ಕೇಳುತ್ತವೆ.

*

ರಾಕ್‌ಫೆಲರ್ ಜನ ಇದೇ ಮಾದರಿಯನ್ನು ಹೊರದೇಶಗಳಿಗೆ ಒಯ್ದರು. 1914ರಲ್ಲಿ ಬ್ರಿಟಿಷ್ ಗಯಾನಾ, 1916ರಲ್ಲಿ ಸಿಲೋನ್. ಅಂತರರಾಷ್ಟ್ರೀಯ ನೈರ್ಮಲ್ಯ ಕಾರ್ಯಕ್ರಮ ಅಂತ ನಾವು ಈಗ ಕರೆಯುವುದಕ್ಕೆ ಅಡಿಪಾಯ ಬಿದ್ದಿದ್ದು ಅಲ್ಲಿ. ಅದರ ಮೊದಲ ಏಟೂ ಬಿದ್ದಿದ್ದು ಅಲ್ಲೇ.

ಸಿಲೋನಿನ ಟೀ ತೋಟಗಳಲ್ಲಿ ಇದ್ದವರು ಮದರಾಸು ಕಡೆಯಿಂದ ಹೋದ ತಮಿಳು ಕೂಲಿಗಳು. ಒಂದೊಂದು ಲೈನ್ ಮನೆಗೂ ಹೋಗಿ, ಹೆಸರು ಬರೆದು, ಪರೀಕ್ಷೆ ಮಾಡಿ, ವಾಸಿಯಾಗುವವರೆಗೆ ಔಷಧಿ ಕೊಡುವುದು ರೋಸ್‌ನ ಪದ್ಧತಿ. ಔಷಧಿ ಕೊಡಲು ತೋಟದ ದೊರೆಗಳದ್ದು ತಕರಾರಿಲ್ಲ. ಕೂಲಿಯವನು ಗಟ್ಟಿಯಾದರೆ ಎಲೆ ಜಾಸ್ತಿ ಕೀಳುತ್ತಾನೆ, ಅದು ದೊರೆಗೇ ಲಾಭ. ಆದರೆ ಕಕ್ಕಸು ಕಟ್ಟಿಸಲು ದುಡ್ಡು ಬಿಚ್ಚಬೇಕಲ್ಲ! ಅಲ್ಲಿಗೆ ಉತ್ಸಾಹ ಇಳಿಯಿತು. ಔಷಧಿ ಕುಡಿದು ವಾಸಿಯಾದವರು ಅದೇ ಮಣ್ಣು ತುಳಿದು ಮತ್ತೆ ಹುಳು ಹತ್ತಿಸಿಕೊಂಡರು. ರಿಜಿಸ್ಟರಿನಲ್ಲಿ ಮಾತ್ರ "ಇಷ್ಟು ಸಾವಿರ ಜನರಿಗೆ ಚಿಕಿತ್ಸೆ" ಎಂಬ ಸಂಖ್ಯೆ ಏರುತ್ತಲೇ ಇತ್ತು.

ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಗೊತ್ತಿರುವ ರೋಗ. ವಾರಕ್ಕೆ ಎಷ್ಟು ಬಗ್ ಕ್ಲೋಸ್ ಮಾಡಿದೆ ಅಂತ ಎಣಿಸಲು ಶುರು ಮಾಡಿದರೆ ಒಂದೇ ಬಗ್ಗನ್ನು ನಾಲ್ಕು ಸಲ ಕ್ಲೋಸ್ ಮಾಡುವವನೇ ಹೀರೋ ಆಗುತ್ತಾನೆ. ಇರಲಿ, ಕತೆಗೆ ವಾಪಸ್ ಬರೋಣ.

ಸ್ವಾತಂತ್ರ್ಯ ಬಂದ ಮೇಲೆ ಭಾರತದಲ್ಲಿ ಇನ್ನೊಂದು ದಾರಿ ಹಿಡಿದರು. 1950ರ ದಶಕದಲ್ಲಿ ಫೋರ್ಡ್ ಫೌಂಡೇಶನ್ ನೆರವಿನಲ್ಲಿ ಬಂಗಾಳದ ಸಿಂಗೂರು, ದೆಹಲಿ ಹತ್ತಿರದ ನಜಫ್‌ಗಢ, ಮದರಾಸಿನ ಹತ್ತಿರದ ಪೂನಮಲ್ಲಿ ಈ ಮೂರು ಕಡೆ ಸಂಶೋಧನೆ ಮತ್ತು ಕಾರ್ಯ ಎರಡೂ ಒಟ್ಟಿಗೆ ನಡೆಯುವ ಯೋಜನೆ ಮಾಡಿದರು. ಹಳ್ಳಿಯವರು ಯಾವುದನ್ನು ಒಪ್ಪುತ್ತಾರೆ, ಯಾವುದನ್ನು ಬಿಟ್ಟು ಬಯಲಿಗೆ ಹೋಗುತ್ತಾರೆ ಅಂತ ನೋಡುವುದೇ ಕೆಲಸ. ವಾಸನೆ ಬರಬಾರದು, ಒಂದೆರಡು ಚೊಂಬು ನೀರು ಹಾಕಿದರೆ ಸಾಕಾಗಬೇಕು. ಅದರಿಂದ ಬಂದ, ನೀರು ನಿಲ್ಲುವ ಬಾಗು ಕೊಳವೆಯ ಬೇಸಿನ್ನನ್ನು ಆರ್‌ಸಿಎ ಕಕ್ಕಸು ಅಂತಲೇ ಕರೆಯುತ್ತಾರೆ. ಬಳಸುವವನನ್ನು ಕೇಳಿ ಡಿಸೈನ್ ಮಾಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದರ ಬಗ್ಗೆ ಯಾರೂ ಯಾಕೆ ಮಾತಾಡುವುದಿಲ್ಲವೋ!

*

ಮುಂದಿನ ದೊಡ್ಡ ತಿರುವು 1970ರ ದಶಕದ್ದು. ವಿಶ್ವಬ್ಯಾಂಕು ನೀರು, ನೈರ್ಮಲ್ಯಕ್ಕೆ ಸಾಲ ಕೊಡುತ್ತಿತ್ತು. ಇದರಿಂದ ಆರೋಗ್ಯ ಎಷ್ಟು ಸುಧಾರಿಸಿತು ಅಂತ ಅಳೆಯಬೇಕೋ ಬೇಡವೋ ಎಂದು ತಜ್ಞರ ಒಂದು ಸಮಿತಿಯನ್ನು ಕೇಳಿತು. 1976ರಲ್ಲಿ ವರದಿ ಬಂತು: ಬೇಡ! ಖರ್ಚು ವಿಪರೀತ, ವರ್ಷಗಟ್ಟಲೆ ಸಮಯ, ಕೊನೆಗೂ ಸ್ಪಷ್ಟ ಉತ್ತರ ಸಿಗುವ ಭರವಸೆ ಇಲ್ಲ.

ಕಾಲ ಎಂಥದ್ದು ನೋಡಿ. ಮರುವರ್ಷವೇ, 1977ರಲ್ಲಿ, ಅರ್ಜೆಂಟೀನಾದ ಮಾರ್ ದೆಲ್ ಪ್ಲಾತಾದಲ್ಲಿ ವಿಶ್ವಸಂಸ್ಥೆಯ ಜಲ ಸಮ್ಮೇಳನ ಸೇರಿ 1981ರಿಂದ 1990ರವರೆಗಿನ ಹತ್ತು ವರ್ಷವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕ ಮಾಡಬೇಕು ಅಂತ ತೀರ್ಮಾನಿಸಿತು. ಗುರಿ: 1990ರೊಳಗೆ ಎಲ್ಲರಿಗೂ.

ಯೋಜನೆ ಹಾಕುವವರು ಮೊದಲು ಮಾಡಿದ್ದು ಗುಣಾಕಾರ. ಇಷ್ಟು ಜನ, ತಲೆಗೆ ಇಷ್ಟು ಖರ್ಚು. ಲಂಡನ್ನಿನ ಥರ ಒಳಚರಂಡಿ ಹಾಕಲು ಹೊರಟರೆ ಆ ದುಡ್ಡು ಜನ್ಮದಲ್ಲಿ ಸೇರುವಂಥದ್ದಲ್ಲ. ಅದಕ್ಕೇ ವಿಶ್ವಬ್ಯಾಂಕಿನ ಜಾನ್ ಕಾಲ್ಬರ್ಮ್ಯಾಟನ್ ತಂಡ ದೇಶದೇಶ ಸುತ್ತಿ ಅಗ್ಗದ ದಾರಿಗಳನ್ನು ಹುಡುಕಿತು. ನಮ್ಮ ಕಡೆಯ ನೀರು ಹುಯ್ಯುವ ಗುಂಡಿ ಕಕ್ಕಸು, ಜಿಂಬಾಬ್ವೆಯ ಬ್ಲೇರ್ ಪ್ರಯೋಗಾಲಯದಲ್ಲಿ ಪೀಟರ್ ಮಾರ್ಗನ್ ರೂಪಿಸಿದ ಗಾಳಿಕೊಳವೆ ಕಕ್ಕಸು ಇವೆಲ್ಲ ಆ ಪಟ್ಟಿಗೆ ಸೇರಿದವು. ಈ ಗಾಳಿಕೊಳವೆಯದ್ದು ಸರಳ ಬುದ್ಧಿವಂತಿಕೆ. ಒಳಗೆ ಕತ್ತಲೆ, ಮೇಲೆ ಕೊಳವೆಯ ತುದಿಯಲ್ಲಿ ಬೆಳಕು. ಗುಂಡಿಯಲ್ಲಿ ಹುಟ್ಟಿದ ನೊಣ ಬೆಳಕು ನೋಡಿ ಕೊಳವೆಯೊಳಗೆ ಹಾರಿ, ತುದಿಯ ಜಾಲರಿಗೆ ಸಿಕ್ಕಿ ಸಾಯುತ್ತದೆ. ವಾಸನೆಯೂ ಅದೇ ಕೊಳವೆಯಲ್ಲಿ ಮೇಲೆ ಹೋಗುತ್ತದೆ.

ಕಟ್ಟುವ ವಿಚಾರವಾಯಿತು. ಅಳೆಯುವುದು? 1983ರಲ್ಲಿ ಡೆಬೊರಾ ಬ್ಲಮ್ ಮತ್ತು ರಿಚರ್ಡ್ ಫೀಚೆಮ್ ಅದುವರೆಗಿನ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಎಂಟು ತಪ್ಪುಗಳನ್ನು ಪಟ್ಟಿ ಮಾಡಿದರು. ಇದನ್ನು ಓದುವಾಗ ಯಾರೋ ಕೋಡ್ ರಿವ್ಯೂ ಮಾಡಿದ ಹಾಗೆ ಅನಿಸುತ್ತೆ. ಕಕ್ಕಸು ಇರುವ ಒಂದೇ ಊರು, ಇಲ್ಲದ ಒಂದೇ ಊರು ತೆಗೆದುಕೊಂಡು ಹೋಲಿಸುವುದು ಒಂದು ತಪ್ಪು. ಎರಡೂರಲ್ಲಿ ಸಾವಿರ ಸಾವಿರ ಮಕ್ಕಳಿದ್ದರೂ ನಿಮ್ಮ ಹತ್ತಿರ ನಿಜವಾಗಿ ಇರುವುದು ಎರಡೇ ಎರಡು ಸ್ಯಾಂಪಲ್. ಮಳೆಗಾಲದಲ್ಲಿ ಮೊದಲ ಸರ್ವೆ, ಚಳಿಗಾಲದಲ್ಲಿ ಎರಡನೆಯದು ಮಾಡಿ "ಭೇದಿ ಕಡಿಮೆಯಾಯಿತು" ಅನ್ನುವುದು ಇನ್ನೊಂದು. ತಿಂಗಳ ಹಿಂದೆ ಮಗುವಿಗೆ ಎಷ್ಟು ಸಲ ಭೇದಿಯಾಗಿತ್ತು ಅಂತ ತಾಯಿಯನ್ನು ಕೇಳಿ ಅದನ್ನೇ ನಂಬುವುದು ಮತ್ತೊಂದು. ಎಲ್ಲಕ್ಕಿಂತ ದೊಡ್ಡದು: ಕಕ್ಕಸು ಕಟ್ಟಿದರೋ ಇಲ್ಲವೋ ಬರೆದುಕೊಂಡಿದ್ದಾರೆ, ಅದರಲ್ಲಿ ಯಾರಾದರೂ ಹೋಗುತ್ತಿದ್ದಾರೋ ಅಂತ ನೋಡೇ ಇಲ್ಲ.

ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಮೌಲ್ಯಮಾಪನ ವಿಧಾನ ಅಂತ ಒಂದು ಕೈಪಿಡಿ ತಂದಿತು. ಅದರ ಹೂರಣ ಇಷ್ಟೇ. ಮೊದಲು, ಕಟ್ಟಿದ್ದು ಕೆಲಸ ಮಾಡುತ್ತಿದೆಯೇ ನೋಡಿ. ಮಾಡುತ್ತಿದ್ದರೆ, ಜನ ಬಳಸುತ್ತಿದ್ದಾರೆಯೇ ನೋಡಿ. ಇವೆರಡೂ ಸರಿಯಿದ್ದರೆ ಮಾತ್ರ ಆರೋಗ್ಯದ ಮಾತು. ಬಾಗಿಲು ಮುರಿದ, ಗುಂಡಿ ತುಂಬಿದ, ಸೌದೆ ಒಟ್ಟಿದ ಕಕ್ಕಸಿನಿಂದ ಭೇದಿ ಕಡಿಮೆಯಾಯಿತೇ ಅಂತ ಲಕ್ಷಗಟ್ಟಲೆ ಖರ್ಚು ಮಾಡಿ ಅಳೆಯುವುದು ಯಾಕೆ? ನನ್ನ ಮಟ್ಟಿಗೆ ಈ ನೂರು ವರ್ಷದಲ್ಲಿ ಬಂದ ಅತ್ಯಂತ ವಿವೇಕದ ದಾಖಲೆ ಇದು. ಮುಂದಿನ ಕತೆಯೆಲ್ಲ ಇದನ್ನು ಮರೆತವರದ್ದು.

*

ದಶಕ ಮುಗಿದಾಗ ಸುಮಾರು 130 ಕೋಟಿ ಜನರಿಗೆ ಹೊಸದಾಗಿ ನೀರು, ಸುಮಾರು 75 ಕೋಟಿ ಜನರಿಗೆ ನೈರ್ಮಲ್ಯ ಸಿಕ್ಕಿತು ಅಂತ ಲೆಕ್ಕ. ನಲ್ಲಿ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಕಕ್ಕಸು ಉದ್ಘಾಟನೆಗೆ ಯಾರು ಬರ್ತಾರೆ ಹೇಳಿ. ಸೆಪ್ಟೆಂಬರ್ 1990ರಲ್ಲಿ ದೆಹಲಿಯಲ್ಲಿ ಎಲ್ಲ ದೇಶದವರು ಸೇರಿ, ಕೆಲವರಿಗೆ ಹೆಚ್ಚು ಕೊಡುವುದರ ಬದಲು ಎಲ್ಲರಿಗೂ ಸ್ವಲ್ಪ ಕೊಡೋಣ ಅಂತ ಘೋಷಣೆ ಮಾಡಿ ಎದ್ದರು.

ಆ ಲೆಕ್ಕ ಎಲ್ಲಿಂದ ಬಂದಿದ್ದು? ಸರ್ಕಾರಗಳು ಕಳಿಸಿದ್ದು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಜಂಟಿ ನಿಗಾ ಕಾರ್ಯಕ್ರಮ ಶುರು ಮಾಡಿದ ಮೇಲೂ ಹತ್ತು ವರ್ಷ ಅದೇ ನಡೆಯಿತು. ಕಟ್ಟಿಸಿದವನೇ ತನಗೆ ತಾನು ಮಾರ್ಕ್ಸ್ ಹಾಕಿಕೊಳ್ಳುವ ಪದ್ಧತಿ. ಒಮ್ಮೆ ಲೆಕ್ಕಕ್ಕೆ ಹತ್ತಿದ ಕಕ್ಕಸು ಮಳೆಗೆ ಕುಸಿದರೂ ಪುಸ್ತಕದಲ್ಲಿ ನಿಂತೇ ಇರುತ್ತದೆ. 2000ದ ವರದಿಯಲ್ಲಿ ಇದನ್ನು ಬದಲಿಸಿದರು. ಇಂಜಿನಿಯರನ್ನು ಕೇಳುವುದು ಬಿಟ್ಟು, ಕುಟುಂಬ ಸಮೀಕ್ಷೆಗಳಲ್ಲಿ "ನಿಮ್ಮ ಮನೆಯವರು ಸಾಮಾನ್ಯವಾಗಿ ಯಾವ ಥರದ ಕಕ್ಕಸು ಬಳಸುತ್ತಾರೆ?" ಅಂತ ಮನೆಯವರನ್ನೇ ಕೇಳಿದ ಉತ್ತರದ ಮೇಲೆ ಲೆಕ್ಕ ಹಾಕಲು ಶುರು ಮಾಡಿದರು. ಕೇಳಲು ಸಣ್ಣ ಬದಲಾವಣೆ. ಆದರೆ ಈ ಕತೆಯ ನಿಜವಾದ ಕ್ರಾಂತಿ ಇದೇ ಇರಬೇಕು.

ಹಾಗಂತ ಅದರಲ್ಲೂ ತೂತು ಇತ್ತು. "ಮನೆಯವರು" ಅಂದರೆ ಯಾರು? ಸೊಸೆ ಒಳಗೆ ಹೋಗುತ್ತಾಳೆ, ಮಾವ ಬೆಳಗ್ಗೆ ಚೊಂಬು ಹಿಡಿದು ಹೊಲದ ಕಡೆ ಹೊರಡುತ್ತಾರೆ. ಉತ್ತರ ಬರೆಯುವುದು ಒಂದೇ. 2014ರಲ್ಲಿ ಉತ್ತರ ಭಾರತದ ಐದು ರಾಜ್ಯಗಳಲ್ಲಿ ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳಿದ ಸಮೀಕ್ಷೆಯೊಂದರಲ್ಲಿ, ಕೆಲಸ ಮಾಡುವ ಕಕ್ಕಸು ಇರುವ ಮನೆಗಳಲ್ಲೇ ಶೇ. 40ಕ್ಕೂ ಹೆಚ್ಚು ಮನೆಗಳಲ್ಲಿ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು.

ಈ ನಡುವೆ ಸಹಸ್ರಮಾನದ ಗುರಿಗಳು ಬಂದವು. 2000ದಲ್ಲಿ ಮಾಡಿದ ಪಟ್ಟಿಯಲ್ಲಿ ಕುಡಿಯುವ ನೀರಿತ್ತು, ನೈರ್ಮಲ್ಯ ಮರೆತೇ ಹೋಗಿತ್ತು! 2002ರಲ್ಲಿ ಜೋಹಾನ್ಸ್‌ಬರ್ಗ್ ಸಮ್ಮೇಳನದಲ್ಲಿ ಸೇರಿಸಿದರು. 1990ಕ್ಕೆ ಹೋಲಿಸಿ, 2015ರೊಳಗೆ ಕಕ್ಕಸಿಲ್ಲದವರ ಪ್ರಮಾಣ ಅರ್ಧವಾಗಬೇಕು. ಇಪ್ಪತ್ತೈದು ವರ್ಷದ ಓಟದಲ್ಲಿ ಹನ್ನೆರಡು ವರ್ಷ ಕಳೆದ ಮೇಲೆ ಸೀಟಿ ಊದಿದ ಹಾಗೆ. ನೀರಿನ ಗುರಿ 2010ರಲ್ಲೇ ಮುಟ್ಟಿತು. ನೈರ್ಮಲ್ಯದ್ದು ಶೇ. 77ಕ್ಕೆ ಮುಟ್ಟಬೇಕಿತ್ತು, 68ಕ್ಕೆ ನಿಂತಿತು. 240 ಕೋಟಿ ಜನ ಹೊರಗೆ ಉಳಿದರು.

*

ಇನ್ನು ಆರೋಗ್ಯದ ಅಳತೆ. 1976ರಲ್ಲಿ ಬೇಡ ಅಂದಿದ್ದನ್ನು 2000ದ ನಂತರ ಹೊಸ ಹುರುಪಿನಲ್ಲಿ ಕೈಗೆತ್ತಿಕೊಂಡರು. ಈ ಸಲ ಚೀಟಿ ಎತ್ತಿ ಹಳ್ಳಿ ಆರಿಸುವ ಪ್ರಯೋಗಗಳು. ಅರ್ಧ ಹಳ್ಳಿಗಳಿಗೆ ಈಗ ಕಾರ್ಯಕ್ರಮ, ಉಳಿದವಕ್ಕೆ ಆಮೇಲೆ. ಬ್ಲಮ್ ಮತ್ತು ಫೀಚೆಮ್ ಹೇಳಿದ ತಪ್ಪುಗಳಲ್ಲಿ ಹೆಚ್ಚಿನವು ಇದರಲ್ಲಿ ನಿವಾರಣೆ.

ಒಡಿಶಾದ ಪುರಿ ಜಿಲ್ಲೆಯ 100 ಹಳ್ಳಿಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಕಕ್ಕಸು ಇರುವ ಮನೆ ಶೇ. 9ರಿಂದ 63ಕ್ಕೆ ಏರಿತ್ತು. ಆದರೆ ಬಳಸುವ ಸ್ಥಿತಿಯಲ್ಲಿದ್ದ ಕಕ್ಕಸು ಶೇ. 38 ಮನೆಗಳಲ್ಲಿ ಮಾತ್ರ. ಮಕ್ಕಳ ಭೇದಿ? ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ಶೇ. 8.8, ನಡೆಯದ ಹಳ್ಳಿಗಳಲ್ಲಿ 9.1. ಅಂದರೆ ವ್ಯತ್ಯಾಸವೇ ಇಲ್ಲ. ಮಧ್ಯಪ್ರದೇಶದ 80 ಹಳ್ಳಿಗಳ ಪ್ರಯೋಗದಲ್ಲೂ ಹಾಗೇ. ಅಲ್ಲಿ ಕಾರ್ಯಕ್ರಮದ ನಂತರವೂ ದೊಡ್ಡವರಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಬಯಲಿಗೇ ಹೋಗುತ್ತಿದ್ದರು. ಆಮೇಲೆ 2018 ಮತ್ತು 2019ರಲ್ಲಿ ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಯ ಮೂರು ಭಾರೀ ಪ್ರಯೋಗಗಳ ಫಲಿತಾಂಶ ಬಂತು. ಬಾಂಗ್ಲಾದಲ್ಲಿ ಭೇದಿ ಕಡಿಮೆಯಾಯಿತು, ಉಳಿದೆರಡು ಕಡೆ ಆಗಲಿಲ್ಲ. ನೈರ್ಮಲ್ಯದಿಂದ ಮಕ್ಕಳ ಎತ್ತರ ಮೂರೂ ಕಡೆ ಹೆಚ್ಚಲಿಲ್ಲ.

ಇಲ್ಲೇ ಅಪಾಯ ಇರುವುದು. "ಕಕ್ಕಸು ಕಟ್ಟಿದರೂ ಆರೋಗ್ಯ ಸುಧಾರಿಸಲ್ಲ ಅಂತ ಸೈನ್ಸೇ ಹೇಳಿದೆ, ದುಡ್ಡು ಬೇರೆ ಕಡೆ ಹಾಕೋಣ" ಅಂತ ಯಾರಾದರೂ ಹೇಳಿದರೆ ಮೇಲ್ನೋಟಕ್ಕೆ ಸರಿ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಒಡಿಶಾದ ಅಂಕಿಯನ್ನು 1983ರ ಕೈಪಿಡಿಯ ಪಕ್ಕ ಇಟ್ಟು ನೋಡಿ. ಎರಡನೇ ಮೆಟ್ಟಿಲಿನಲ್ಲೇ ಎಡವಿದ್ದಾರೆ, ಮೂರನೆಯದನ್ನು ಅಳೆದಿದ್ದಾರೆ. ನೂರು ಮನೆಯ ಊರಲ್ಲಿ 60 ಮನೆಯವರು ಇನ್ನೂ ಕೆರೆ ಏರಿಗೆ ಹೋಗುತ್ತಿದ್ದರೆ ಉಳಿದ 40 ಮನೆಯ ಮಕ್ಕಳು ಕುಡಿಯುವ ನೀರು, ಆಡುವ ಮಣ್ಣು ಅದೇ ಅಲ್ಲವೇ?

ಇದಕ್ಕೆ ಬ್ರೆಜಿಲ್‌ನ ಸಾಲ್ವಡಾರ್ ನಗರ ಒಳ್ಳೆಯ ಸಾಕ್ಷಿ. ಅಲ್ಲಿ ಒಳಚರಂಡಿ ಸಂಪರ್ಕವನ್ನು ಶೇ. 26ರಿಂದ 80ಕ್ಕೆ ಏರಿಸಿದರು. ಕಾಮಗಾರಿಗೆ ಮೊದಲು 1997-98ರಲ್ಲಿ, ಮುಗಿದ ಮೇಲೆ 2003-04ರಲ್ಲಿ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿದರು. ಭೇದಿ ಶೇ. 21ರಷ್ಟು ಇಳಿಯಿತು, ಮೊದಲು ಅತಿ ಹೆಚ್ಚು ಇದ್ದ ಬಡಾವಣೆಗಳಲ್ಲಿ ಶೇ. 43. ಈ ಇಳಿಕೆಗೆ ಮುಖ್ಯ ಕಾರಣ ಇಡೀ ಬಡಾವಣೆಗೆ ಸಂಪರ್ಕ ಸಿಕ್ಕಿದ್ದು ಅನ್ನುವುದು 2007ರಲ್ಲಿ ಬಂದ ಅವರ ತೀರ್ಮಾನ. ಮೈಲಿಗಟ್ಟಲೆ ಪೈಪು, ನಗರಪೂರ್ತಿ, ಎಂಟು ಹತ್ತು ವರ್ಷ. ಒಂದು ಬೇಸಿನ್, ನಾಲ್ಕು ಗೋಡೆ ಕೊಟ್ಟು ಅದೇ ಫಲ ಕೇಳುವುದು ನ್ಯಾಯವಲ್ಲ.

ಇನ್ನೊಂದು ಮಾತು. ಕತ್ತಲಾಗಲಿ ಅಂತ ಕಾಯುವ, ಮಧ್ಯಾಹ್ನ ನೀರು ಕುಡಿಯಲು ಹೆದರುವ ಹೆಂಗಸಿನ ಕಷ್ಟ ಭೇದಿಯ ಪಟ್ಟಿಯಲ್ಲಿ ಬರುವುದೇ ಇಲ್ಲ. ಅದಕ್ಕೆ ಕಾಲಮ್ಮೇ ಇರಲಿಲ್ಲ.

*

ವಿಶ್ವಬ್ಯಾಂಕ್ ಡಿಸೆಂಬರ್ 2015ರಲ್ಲಿ ಸ್ವಚ್ಛ ಭಾರತದ ಗ್ರಾಮೀಣ ಭಾಗಕ್ಕೆ 150 ಕೋಟಿ ಡಾಲರ್ ಸಾಲ ಮಂಜೂರು ಮಾಡಿದಾಗ ಒಂದು ಷರತ್ತು ಹಾಕಿತು. ಖರ್ಚಿನ ಬಿಲ್ಲು ತೋರಿಸಿದರೆ ದುಡ್ಡಿಲ್ಲ. ಪ್ರತಿ ವರ್ಷ ಹೊರಗಿನವರಿಂದ ಸಮೀಕ್ಷೆ ಮಾಡಿಸಿ, ಬಯಲಿಗೆ ಹೋಗುವುದು ಎಷ್ಟು ಕಡಿಮೆಯಾಯಿತು ಅಂತ ತೋರಿಸಿದರೆ ದುಡ್ಡು. ಒಳ್ಳೆಯ ಆಲೋಚನೆ. ಆ ಸಮೀಕ್ಷೆಯ 2018-19ರ ಸುತ್ತಿನಲ್ಲಿ ಹಳ್ಳಿಗಳ ಶೇ. 93.1 ಮನೆಗಳಿಗೆ ಕಕ್ಕಸು ಇದೆ, ಇದ್ದವರಲ್ಲಿ ಶೇ. 96.5 ಜನ ಬಳಸುತ್ತಾರೆ ಅಂತ ಬಂತು. 2019ರ ಅಕ್ಟೋಬರ್ 2ರಂದು ದೇಶ ಬಯಲುಶೌಚ ಮುಕ್ತ ಅಂತ ಸಾರಿದ್ದೂ ಆಯಿತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹಳ್ಳಿಗಳ ನಾಲ್ಕರಲ್ಲಿ ಒಂದು ಮನೆಯವರು ಯಾವ ಕಕ್ಕಸನ್ನೂ ಬಳಸುತ್ತಿರಲಿಲ್ಲ. ಇಡೀ ದೇಶದಲ್ಲಿ ಅಂಥ ಮನೆಗಳು ಐದು ವರ್ಷದಲ್ಲಿ ಶೇ. 39ರಿಂದ 19ಕ್ಕೆ ಇಳಿದಿದ್ದು ಸಣ್ಣ ಸಾಧನೆಯಲ್ಲ, ಅದನ್ನು ಒಪ್ಪಲೇಬೇಕು. ಸೊನ್ನೆ ಅಂತ ಹೇಳಬೇಕಾದ ಜರೂರು ಏನಿತ್ತು ಅನ್ನುವುದೇ ನನ್ನ ತಕರಾರು.

ಈಗ 2030ರ ಗುರಿಯಲ್ಲಿ ಅಳತೆಗೋಲು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಕಕ್ಕಸು ಇದ್ದರೆ, ಬಳಸಿದರೆ ಸಾಲದು, ಅಲ್ಲಿಂದ ಹೊರಟದ್ದು ಎಲ್ಲಿಗೆ ಹೋಯಿತು ಅಂತಲೂ ಹೇಳಬೇಕು. ಈ ಅಳತೆಯಲ್ಲಿ 2022ರಲ್ಲಿ ಪಾಸಾದವರು ಪ್ರಪಂಚದ ಶೇ. 57 ಜನ. ಢಾಕಾ ನಗರದ ಲೆಕ್ಕ ಹಾಕಿದವರಿಗೆ, ಹೆಚ್ಚುಕಡಿಮೆ ಎಲ್ಲರಿಗೂ ಕಕ್ಕಸು ಇದ್ದರೂ ಶುದ್ಧೀಕರಣವಾಗುವುದು ಶೇ. 2ರಷ್ಟು ಮಾತ್ರ ಅಂತ ಗೊತ್ತಾಯಿತು. ಉಳಿದದ್ದೆಲ್ಲ ಚರಂಡಿ, ಕೆರೆ, ನದಿ.

ನಮ್ಮಲ್ಲಿ ಈ ಕೆಲಸಕ್ಕೆ ಸಿಗುವ ಹತ್ತಿರದ ಉದಾಹರಣೆ ದೇವನಹಳ್ಳಿ. ಏರ್‌ಪೋರ್ಟಿಗೆ ಹೋಗುವಾಗ ಪಕ್ಕದಲ್ಲೇ ಹಾದು ಹೋಗುತ್ತೇವೆ. ಒಂದು ಪಟ್ಟಣದ ಗುಂಡಿಗಳಿಂದ ತೆಗೆದ ಕೆಸರನ್ನು ಶುದ್ಧ ಮಾಡುವ ದೇಶದ ಮೊದಲ ಘಟಕ ಅಲ್ಲಿ 2015ರಲ್ಲಿ ಶುರುವಾಯಿತು. ಬೆಂಗಳೂರಿನವರು ಹನಿ ಸಕ್ಕರ್ ಅನ್ನುವ ಟ್ಯಾಂಕರ್ ಅಲ್ಲಿಗೆ ಬಂದು ಖಾಲಿ ಮಾಡುತ್ತದೆ, ಒಣಗಿದ್ದು ಊರಿನ ಹಸಿ ಕಸದ ಜೊತೆ ಸೇರಿ ಗೊಬ್ಬರವಾಗುತ್ತದೆ. ಅಲ್ಲಿ ಎಣಿಸಬೇಕಾದ್ದು ಸುಲಭ: ಗೇಟಿನೊಳಗೆ ಎಷ್ಟು ಲೋಡು ಬಂತು.

ಬೇರೆ ಊರುಗಳಲ್ಲಿ ಆ ಟ್ಯಾಂಕರ್ ರಾತ್ರಿ ಹೊತ್ತು ಎಲ್ಲಿಗೆ ಹೋಗುತ್ತದೆ? ನಿಮ್ಮ ಊರಿನದ್ದು ಗೊತ್ತಿದ್ದರೆ ಕೆಳಗೆ ಬರೆಯಿರಿ. ಯಾರದ್ದೂ ಹೆಸರು ಬೇಡ, ಜಾಗ ಹೇಳಿದರೆ ಸಾಕು.